ಪ್ರಯಾಗಬಾಯಿಯ ಮದುವೆಯ ಕ್ಯಾಸೆಟ್ಟು

ಹೊಸ ಟೀವಿ ಗೋಡೆ ಏರಿದ ದಿನ ಕಾಂತಾಬಾಯಿ ಅದಕ್ಕೆ ಬೆನ್ನು ಮಾಡಿ ಕೂತು ತೊಗರಿಕಾಯಿ ಸುಲಿಯುತ್ತಿದ್ದಳು. ಮಗ ಪಂಡಿತ ರಿಮೋಟಿಗೆ ಬಾಯಿ ಹಚ್ಚಿ ಮರಾಠಿಯಲ್ಲಿ ಏನೋ ಕೇಳಿದ. ಟೀವಿ ತಾನೇ ಹುಡುಕಿ ಭಜನೆ ಹಚ್ಚಿತು. ಪಂಡಿತನ ಮಗಳು, ಪುಟ್ಟ ಶಾಂಭವಿ, ಚಪ್ಪಾಳೆ ತಟ್ಟಿ ಕುಣಿದಳು.

"ಹೇಳಿದ್ದು ಕೇಳ್ತದ ಅಂದ್ರ, ಮನ್ಯಾಗ ನಾವು ಆಡೂ ಮಾತೆಲ್ಲ ಕೇಳ್ತದಲ್ಲೋ?" ಎಂದಳು ಕಾಂತಾಬಾಯಿ.

"ನಿನ್ನ ಮಾತ ಕೇಳಿ ಅದಕ್ಕೇನ ಆಗಬೇಕಾಗ್ಯಾದವ್ವ?" ಪಂಡಿತ ನಕ್ಕ.

"ಇರಲಿ. ನನ್ನ ವಿಸಿಆರ್ ವಾಯರ್ ಇದಕ್ಕ ಎಲ್ಲಿ ಹಚ್ತಿ, ಅದ ಹೇಳು."

ಪಂಡಿತ ಟೀವಿಯ ಹಿಂದೆ ಬಗ್ಗಿ ನೋಡಿದ. ಕೆಂಪು, ಹಳದಿ, ಬಿಳಿ ವಾಯರು ಸಿಕ್ಕಿಸುವ ತೂತುಗಳೇ ಅಲ್ಲಿರಲಿಲ್ಲ. ಅವನು ತಲೆ ಎತ್ತುವಷ್ಟರಲ್ಲಿ ಕಾಂತಾಬಾಯಿ ಸೆರಗು ಸಿಕ್ಕಿಸಿಕೊಂಡು ಹೊರಗೆ ನಡೆದಿದ್ದಳು. ಅಂಗಡಿಯವರು ಬದಲಿಗೆ ಒಯ್ಯಲೆಂದು ಹಳೆಯ ಡಬ್ಬಾ ಟೀವಿಯನ್ನು ಟೆಂಪೋಕ್ಕೆ ಏರಿಸಿಯಾಗಿತ್ತು. ಅವಳು ಅದನ್ನು ಮತ್ತೆ ಇಳಿಸಿ ಒಳಗೆ ತರಿಸಿದಳು. ಆಚೀಚೆ ಮನೆಯವರು ನಕ್ಕರು. ಹೊಸದು ಕಂಡರೆ ಈಕೆಗೆ ಆಗಿಬರುವುದಿಲ್ಲ ಎಂದು ಓಣಿಯಲ್ಲಿ ಮೊದಲಿಂದಲೂ ಮಾತಿತ್ತು. ಅದು ಪೂರಾ ನಿಜವಲ್ಲ. ಮಿಕ್ಸರು, ಗ್ಯಾಸು, ಮೊಬೈಲು ಎಲ್ಲವೂ ಅವಳ ಕೈಗೆ ಒಗ್ಗಿದ್ದವು. ಚಿತ್ರ ತೋರಿಸುವ ಯಂತ್ರಗಳನ್ನು ಮಾತ್ರ ಅವಳು ನಂಬುತ್ತಿರಲಿಲ್ಲ. ಅದಕ್ಕೆ ಕಾರಣ ಅವಳ ಟ್ರಂಕಿನಲ್ಲಿದ್ದ ಒಂದು ಕ್ಯಾಸೆಟ್ಟು.

ಹಳೆಯ ಊರನ್ನು ನೆಲಕ್ಕುರುಳಿಸಿದ ಭೂಕಂಪದ ವರ್ಷವೇ, ಬೇಸಿಗೆಯಲ್ಲಿ, ಗಂಡ ಶಿವರಾಯನ ತಂಗಿ ಪ್ರಯಾಗಬಾಯಿಯನ್ನು ಲೋಹಾರಾಕ್ಕೆ ಕೊಟ್ಟು ಮದುವೆ ಮಾಡಿದ್ದರು. ಉಮರ್ಗಾದಿಂದ ವಿಡಿಯೊ ತೆಗೆಯುವವನನ್ನು ಕರೆಸಿದ್ದರು. ಹಳೆಯ ಊರಿನ ಕಲ್ಲು-ಮಣ್ಣಿನ ವಾಡೆ, ಅಂಗಳದ ಹಂದರ, ಹಣೆತುಂಬ ವಿಭೂತಿ ಬಡಿದುಕೊಂಡು ಎಲ್ಲರಿಗೂ ಅಪ್ಪಣೆ ಮಾಡುತ್ತ ಓಡಾಡುವ ಅತ್ತೆ, ಓರಗಿತ್ತಿ, ಅವಳ ಇಬ್ಬರು ಮಕ್ಕಳು ಎಲ್ಲರೂ ಅದರಲ್ಲಿದ್ದರು. ಕಾಂತಾಬಾಯಿಯ ಚೊಚ್ಚಲ ಮಗಳು ಮೀನಲ ಇದ್ದಳು. ಹುಡುಗಿಯ ಎಡಗಣ್ಣು ತುಸು ಮೂಗಿನ ಕಡೆಗೆ ಸರಿದಿತ್ತು. ಮೆಳ್ಳಗಣ್ಣಿ ಎಂದು ಕರೆದರೆ ಸಿಟ್ಟಾಗದೆ, ಇನ್ನಷ್ಟು ಮೆಳ್ಳಗಣ್ಣು ಮಾಡಿ ತೋರಿಸುವ ಹುಡುಗಿ. ಕ್ಯಾಮೆರಾ ತನ್ನತ್ತ ತಿರುಗಿದೊಡನೆ ಕೈಯಲ್ಲಿದ್ದ ಅಕ್ಷತೆಯನ್ನು ಅದಕ್ಕೇ ಎಸೆದು ನಕ್ಕಿದ್ದಳು.

ಗಣಪತಿ ಹಬ್ಬಕ್ಕೆ ಕಾಂತಾಬಾಯಿ ಬಾಣಂತನಕ್ಕೆಂದು ಬಸವಕಲ್ಯಾಣದ ಕಡೆಯ ತವರಿಗೆ ಹೋದಳು. ಗಣಪತಿ ಕಳಿಸಿಯೇ ಬರುತ್ತೇನೆಂದು ಮೀನಲ ಹಟ ಹಿಡಿದು ಅಜ್ಜಿಯ ಹತ್ತಿರ ಉಳಿದಳು. ಗಣಪತಿ ಕಳಿಸಿದರು, ದಣಿದು ಮಲಗಿದರು, ಬೆಳಕು ಹರಿಯುವ ಮೊದಲು ನೆಲ ನಡುಗಿತು. ಹೊಲದಲ್ಲಿ ಮಲಗಿದ್ದ ಶಿವರಾಯ ಉಳಿದ. ವಾಡೆಯೊಳಗಿನವರು ಯಾರೂ ಉಳಿಯಲಿಲ್ಲ. ಪಂಡಿತ ಹೊಟ್ಟೆಯಲ್ಲಿದ್ದ; ಬಸುರಿ ಹೆಂಗಸೆಂದು ತವರಿನವರು ಕಾಂತಾಬಾಯಿಯನ್ನು ತಡೆದು ಹಿಡಿದರು. ಅವಳು ಬರುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಮಗಳ ಮುಖ ಅವಳಿಗೆ ಸಿಗಲಿಲ್ಲ. ಮನೆಯ ಫೋಟೊಗಳೂ ಮಣ್ಣಿನಡಿ ಹೋಗಿದ್ದವು. ಪ್ರಯಾಗಬಾಯಿ ಗಂಡನ ಮನೆಗೆ ಒಯ್ದಿದ್ದ ಕ್ಯಾಸೆಟ್ಟೊಂದೇ ಉಳಿದಿತ್ತು. ಗಂಡ-ಹೆಂಡತಿ ಸರ್ಕಾರ ಕಟ್ಟಿಸಿಕೊಟ್ಟ ಹೊಸ ಊರಿಗೆ ಬಂದ ಮೇಲೆ ಪ್ರಯಾಗಬಾಯಿ ಅದನ್ನು ತನ್ನ ವೈನಿಯ, ಅಣ್ಣನ ಹೆಂಡತಿಯ, ಕೈಗೆ ಇಟ್ಟಳು.

ಆಮೇಲೆ ಪ್ರತಿ ವರ್ಷ ಗಣಪತಿ ಕಳಿಸಿದ ಮರುದಿನ ಆ ಕ್ಯಾಸೆಟ್ಟು ಹಚ್ಚುವುದು ಮನೆಯ ನೇಮವಾಯಿತು. ಸಿಡಿಗಳ ಕಾಲ ಬಂದಾಗ ಶಿವರಾಯ ಅದನ್ನು ಸಿಡಿಗೆ ಹಾಕಿಸಿದ್ದ. ಕೆಲವೇ ವರ್ಷಗಳಲ್ಲಿ ಸಿಡಿ ಅಲ್ಲಲ್ಲೇ ತಡೆದು ನಿಂತು, ಕೊನೆಗೆ ಪೂರಾ ಮೂಕಾಯಿತು. ಕ್ಯಾಸೆಟ್ಟು ಮಾತ್ರ ನಡೆಯುತ್ತಲೇ ಇತ್ತು. ಅಂದಿನಿಂದ ಕಾಂತಾಬಾಯಿ ಅದನ್ನು ಯಾರ ಕೈಗೂ ಕೊಡಲಿಲ್ಲ. ಕಂಪ್ಯೂಟರಿಗೆ ಹಾಕಿಸೋಣ ಎಂದು ಪಂಡಿತ ಕಾಲೇಜಿನ ದಿನಗಳಿಂದ ಹೇಳುತ್ತ ಬಂದಿದ್ದ. "ಹೊಸಾದಕ್ಕ ಹಾಕ್ತಾರ, ಹೊಸಾದು ಕೆಡ್ತದ, ಹಳೀದು ಕಳೀತಾರ" ಎಂದು ಅವಳು ಪ್ರತಿ ಸಲ ಬಾಯಿ ಮುಚ್ಚಿಸುತ್ತಿದ್ದಳು.

ಹೊಸ ಟೀವಿ ಬಂದ ವರ್ಷದ ಗಣಪತಿಗೆ ಮೂಲೆಯ ಡಬ್ಬಾ ಟೀವಿಯ ಮೇಲಿನ ಬಟ್ಟೆ ತೆಗೆದು, ಅವಳೇ ಕ್ಯಾಸೆಟ್ಟು ಒಳಗೆ ತಳ್ಳಿದಳು. ಹಂದರ ಕಾಣಿಸಿತು, ಅತ್ತೆ ಕಾಣಿಸಿದಳು, ಅಷ್ಟರಲ್ಲಿ ಯಂತ್ರದೊಳಗೆ ಕರ್ರ್ ಎಂದು ಏನೋ ಹರಿದಂತಾಯಿತು. ಪಂಡಿತ ಸ್ಕ್ರೂ ಬಿಚ್ಚಿ ನೋಡಿದರೆ ಪಟ್ಟಿ ಹಲ್ಲುಗಳಿಗೆ ಸುತ್ತಿಕೊಂಡು ಮುದುಡಿತ್ತು. ಅದರ ಮೇಲೆ ಬೂದಿ ಎರಚಿದ ಹಾಗೆ ಬೂಷ್ಟು ಹತ್ತಿತ್ತು.

ಮರುವಾರ ಕಾಂತಾಬಾಯಿ ತಾನಾಗಿಯೇ ಹೇಳಿದಳು: "ಎಲ್ಲಿ ಮಾಡ್ತಾರ ಅಲ್ಲಿಗೆ ನಡಿ. ನಾನೂ ಬರ್ತೀನಿ."

ಉದಗೀರದಲ್ಲಿ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವ ಒಂದು ಅಂಗಡಿ ಇತ್ತು. ತಾಯಿ-ಮಗ ಕಾಸಾರಶಿರಸಿ, ನಿಲಂಗಾ ದಾಟಿ, ಬಸ್ಸು ಬದಲಿಸಿ ಅಲ್ಲಿಗೆ ಹೋದರು. ಅಂಗಡಿಯ ವೈಭವ ಸೌಮ್ಯ ಸ್ವಭಾವದವನು. ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಭಾಳ ಖರಾಬ ಆಗ್ಯಾದ ಮಾವ್ಶಿ. ತೊಳದ ನೋಡ್ತೀನಿ" ಎಂದ.

"ಏನರೆ ಮಾಡ್ರಿ, ಹೆಚ್ಚಿಂದ ಮಾಡಬ್ಯಾಡ್ರಿ. ಹ್ಯಾಂಗದ ಹಂಗೇ ಇರಬೇಕು" ಎಂದಳು ಕಾಂತಾಬಾಯಿ.

ಅವನು ತಲೆಯಾಡಿಸಿದ. ಅಂಗಡಿಯ ಮೆಟ್ಟಿಲು ಇಳಿಯುವಾಗ ಅವಳು ಹಿಂದಿರುಗಿ ನೋಡಿದಳು. ಎಳೆಗೂಸನ್ನು ಪರರ ಕೈಗೆ ಕೊಟ್ಟು ಬಂದಂತಿತ್ತು.

ದೀಪಾವಳಿಯ ದಿನ ಪಂಡಿತ ಒಬ್ಬನೇ ಹೋಗಿ ಪೆನ್ ಡ್ರೈವ್ ತಂದ. ಅಂದು ಪ್ರಯಾಗಬಾಯಿಯೂ ಲೋಹಾರಾದಿಂದ ಬಂದಿದ್ದಳು. ಸೊಸೆ ಸ್ವಪ್ನಾಲಿ ಚಹಾ ಮಾಡಿ ಎಲ್ಲರಿಗೂ ಕೊಟ್ಟಳು. ಗೋಡೆಯ ತುಂಬ ಮದುವೆಯ ಮನೆ ಬೆಳಗಿತು.

ನಿನ್ನೆ ಮೊನ್ನೆ ತೆಗೆದಂತೆ ಇತ್ತು. ಹಂದರದ ಮಾವಿನ ಎಲೆ ಹಸಿರು ಚಿಮ್ಮುತ್ತಿತ್ತು. ಅತ್ತೆಯ ಮುಖದ ಸುಕ್ಕು ಮಾಯವಾಗಿ ಚರ್ಮ ಬೆಣ್ಣೆಯಂತೆ ಹೊಳೆಯುತ್ತಿತ್ತು. "ಅವ್ವ!" ಎಂದು ಪ್ರಯಾಗಬಾಯಿ ಎದ್ದು ಹೋಗಿ ಗಾಜಿಗೆ ಕೈ ಹಚ್ಚಿದಳು. ಶಿವರಾಯ ಕಣ್ಣೊರೆಸಿಕೊಂಡ. ಅಷ್ಟರಲ್ಲಿ ಅಕ್ಷತೆ ಹಾರಿತು. ಒಂದು ಹುಡುಗಿ ಇತ್ತ ತಿರುಗಿ ನಕ್ಕಳು. ಎರಡೂ ಕಣ್ಣು ನೆಟ್ಟಗಿದ್ದವು, ಗಲ್ಲ ತುಂಬಿಕೊಂಡಿತ್ತು, ಗದ್ದದಲ್ಲಿ ಗುಳಿ ಇತ್ತು.

"ಆಜಿ! ನಾನೇ ಅದೀನಿ ಅಲ್ಲಿ!" ಶಾಂಭವಿ ಕೂಗಿದಳು.

ಎಲ್ಲರೂ ನಕ್ಕರು. ಸೋದರತ್ತೆಯ ಗುಣ, ಸೋದರತ್ತೆಯ ರೂಪ ತಮ್ಮನ ಮಗಳಿಗೆ ಬಾರದೆ ಇರುತ್ತದೆಯೇ ಎಂದರು. ಕಾಂತಾಬಾಯಿ ನಗಲಿಲ್ಲ.

"ಪಂಡಿತ, ಈ ಹುಡಗಿ ಯಾರು?"

"ಮೀನಲಕ್ಕ ಅಲ್ಲೇನವ್ವ."

"ಅಲ್ಲ. ಇದು ನಮ್ಮ ಶಾಂಭವಿ ಮಾರಿ. ನೀ ಏನ ಮಾಡೀದಿ, ಖರೇ ಹೇಳು."

ಪಂಡಿತ ರಿಮೋಟು ಒತ್ತಿ ಚಿತ್ರ ನಿಲ್ಲಿಸಿದ. ಆ ಹುಡುಗಿ ಬಾಯಿ ತೆರೆದು ನಗುತ್ತಲೇ ಗೋಡೆಯ ಮೇಲೆ ನಿಂತಳು. ಆ ಜಾಗದಲ್ಲೇ ಪಟ್ಟಿ ಹರಿದಿತ್ತು ಎಂದು ಅವನು ಹೇಳಿದ. ತೊಳೆದರೂ ಅಲ್ಲಿ ಬಿಳಿ ಗೆರೆಗಳ ಹೊರತು ಏನೂ ಬಂದಿರಲಿಲ್ಲ. ಮುಖವಿದ್ದಲ್ಲಿ ಒಂದು ಮಬ್ಬು ಕಲೆ ಇತ್ತು ಅಷ್ಟೆ. ಅದೇ ವಯಸ್ಸಿನ, ಅದೇ ಮನೆತನದ ಮಗುವಿನ ಫೋಟೊ ಇದ್ದರೆ ಕಂಪ್ಯೂಟರು ಮುಖ ಕೂಡಿಸಿಕೊಡುತ್ತದೆ ಎಂದು ವೈಭವ ಫೋನು ಮಾಡಿದ್ದ. ಪಂಡಿತ ಮೊಬೈಲಿನಿಂದ ಶಾಂಭವಿಯ ಫೋಟೊ ಕಳಿಸಿದ್ದ.

"ನಿನಗ ಸಂತೋಷ ಆಗ್ಲಿ ಅಂತ ಮಾಡ್ದೆವ್ವ."

"ಹ್ಯಾಂಗದ ಹಂಗೇ ಇರಲಿ ಅಂದಿದ್ದೆ. ನಿನ್ನ ಎದುರಿಗೇ ಅಂದಿದ್ದೆ."

ಪಂಡಿತನಿಗೂ ಸಿಟ್ಟು ಬಂತು. "ಇರಲಿಕ್ಕ ಅಲ್ಲಿ ಏನಿತ್ತು? ಆ ಮುರುಕ ಮಶೀನ್ಯಾಗ ವರ್ಷಾ ವರ್ಷಾ ಹಾಕಿ ತಿಕ್ಕಿದವರು ಯಾರು? ನಾ ಕಾಲೇಜದಾಗ ಇದ್ದಾಗೇ ಹೇಳಿದ್ದೆ, ಕೊಡು, ಹಾಕಿಸಿ ತರ್ತೀನಿ ಅಂತ. ಆವಾಗ ಕೊಟ್ಟಿದ್ರ ಅಕ್ಕನ ಖರೇ ಮಾರಿ ಇರ್ತಿತ್ತು. ನೀನೇ ಅಳಿಸೀದಿ ಅವ್ವ, ನಾ ಅಲ್ಲ."

ಶಿವರಾಯ ಮಗನನ್ನು ಗದರಿದ. ಆದರೆ ಮಾತು ಹೊರಬಿದ್ದಾಗಿತ್ತು. ಕಾಂತಾಬಾಯಿ ಎದ್ದು ಅಡಿಗೆಮನೆಗೆ ಹೋಗಿ ಕತ್ತಲಲ್ಲಿ ನಿಂತಳು. ಮಗ ಹೇಳಿದ್ದರಲ್ಲಿ ಸುಳ್ಳು ಹುಡುಕಿದಳು. ಸಿಗಲಿಲ್ಲ. ಯಾವ ಯಂತ್ರವನ್ನೂ ನಂಬದೆ ಎದೆಗವಚಿ ಇಟ್ಟುಕೊಂಡಿದ್ದನ್ನು ಅವಳೇ ನೋಡಿ ನೋಡಿ ಸವೆಸಿದ್ದಳು.

ಅಷ್ಟಕ್ಕೇ ಮುಗಿದಿದ್ದರೆ ಅವಳು ನುಂಗಿಕೊಳ್ಳುತ್ತಿದ್ದಳೇನೋ. ಶಾಂಭವಿ ಮಾತ್ರ ಆ ವಿಡಿಯೊದ ಬೆನ್ನು ಹತ್ತಿದಳು. ರಿಮೋಟಿಗೆ ಹೇಳಿ ತಾನೇ ಹಚ್ಚಿಕೊಂಡು, ಅಕ್ಷತೆ ಎಸೆಯುವುದನ್ನು ಮತ್ತೆ ಮತ್ತೆ ನೋಡಿ ಕುಣಿಯುತ್ತಿದ್ದಳು. ಆಡಲು ಬಂದ ನೆರೆಮನೆಯ ಹುಡುಗಿಯರಿಗೂ ತೋರಿಸಿದಳು. ಅವರಲ್ಲೊಬ್ಬಳು ಮನೆಯಲ್ಲಿ ಕೇಳಿಕೊಂಡು ಬಂದು, ಆ ಹುಡುಗಿ ಗೋಡೆಯಡಿ ಸಿಕ್ಕು ಸತ್ತಿದ್ದಾಳೆಂದು ಹೇಳಿದಳು.

ಅಂದು ಸಂಜೆ ಶಾಂಭವಿ ಊಟಕ್ಕೆ ಒಳಗೆ ಬರಲಿಲ್ಲ. ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು. ಕಾಂತಾಬಾಯಿ ಹತ್ತಿರ ಹೋಗಿ ಕೂತಳು.

"ಆಜಿ, ನಾ ಯಾವಾಗ ಸತ್ತಿದ್ದೆ?"

"ಹಂಗ ಅನಬಾರದವ್ವ. ನೀ ನನ್ನ ಮುಂದೇ ಇದ್ದೀದಿ."

"ಟೀವ್ಯಾಗ ನಾನೇ ಅದೀನಲ್ಲ. ನನ್ನ ಮ್ಯಾಲ ಗ್ವಾಡಿ ಬಿತ್ತಂತ."

"ಆಕಿ ನೀ ಅಲ್ಲ. ಆಕಿ ನಿಮ್ಮ ಅತ್ತಿ, ಮೀನಲ. ಆಕಿ ಬ್ಯಾರೇನೇ ಇದ್ಳು."

"ಹ್ಯಾಂಗ ಇದ್ಳು?"

ಕಾಂತಾಬಾಯಿ ಬಾಯಿ ತೆರೆದಳು. ಮೆಳ್ಳಗಣ್ಣು ಎಂಬ ಮಾತು ಬಂತು. ಆ ಕಣ್ಣು ನೆನಪಿಗೆ ಬರಲಿಲ್ಲ. ಮೂಗು ಹೇಗಿತ್ತು, ತುಟಿ ಹೇಗಿತ್ತು ಎಂದು ತಡಕಿದಳು. ತಡಕಿದಲ್ಲೆಲ್ಲ ಗದ್ದದ ಗುಳಿಯ, ನೆಟ್ಟಗಣ್ಣಿನ ಇದೇ ಮಗು ಬಂದು ನಿಂತಿತು. ಗಾಬರಿಯಾಗಿ ಅವಳು ಮೊಮ್ಮಗಳನ್ನು ಬರಸೆಳೆದು ಅಪ್ಪಿಕೊಂಡಳು.

ಮರುದಿನ ಅವಳೇ ಮಗನಿಗೆ ಹೇಳಿದಳು: "ಅಳಿಸಿ ಹಾಕು. ಎಲ್ಲಾ."

"ಅದರಾಗ ಅಜ್ಜಿ ಅದಾಳ, ಚಿಗವ್ವ ಅದಾಳ, ಆಕಿ ಮಕ್ಕಳ ಅದಾರ. ಮತ್ತ ಸಿಗೂದಿಲ್ಲವ್ವ."

"ಸತ್ತವರ ಸಲುವಾಗಿ ಇದ್ದ ಕೂಸಿಗೆ ಅಂಜಿಕಿ ಹಚ್ಚಲ್ಯಾ? ಅಳಸು."

ಪಂಡಿತ ಅಳಿಸಿದ. ಆದರೆ ದೀಪಾವಳಿಯ ದಿನವೇ ವಿಡಿಯೊ ನೆಂಟರ ಮೊಬೈಲುಗಳಿಗೆ ಹೋಗಿಬಿಟ್ಟಿತ್ತು. ಒಬ್ಬೊಬ್ಬರಿಗೆ ಫೋನು ಮಾಡಿ ಕೇಳಿಕೊಂಡ ಮೇಲೆ ಅಳಿಸುತ್ತೇವೆಂದರು. ಪ್ರಯಾಗಬಾಯಿ ಫೋನೇ ಎತ್ತಲಿಲ್ಲ. ಕಾಂತಾಬಾಯಿ ಲೋಹಾರಾದ ಬಸ್ಸು ಹತ್ತಿದಳು.

ನಾದಿನಿ ಮೊಬೈಲನ್ನು ಎಣ್ಣೆ ಬಾಟಲಿಗೆ ಒರಗಿಸಿಟ್ಟು, ರೊಟ್ಟಿ ಬಡಿಯುತ್ತ ಅದನ್ನೇ ನೋಡುತ್ತಿದ್ದಳು. ಕಾಂತಾಬಾಯಿ ಬಂದ ಕಾರಣ ಹೇಳಿದಾಗ ಅವಳ ಕೈ ನಿಂತಿತು.

"ನಿನಗದು ಸುಳ್ಳ ಇರಬಹುದು ವೈನಿ. ನನಗ ನಮ್ಮವ್ವ ಅದಾಳ ಅದರಾಗ. ನಾ ಅಳಸಂಗಿಲ್ಲ."

"ಅತ್ತಿ ಮಾರಿ ಸುದ್ದಾ ಖರೇ ಅಲ್ಲ ಪ್ರಯಾಗ. ಅತ್ತಿಗೆ ಎಷ್ಟ ಸುಕ್ಕ ಇದ್ವು, ನಿನಗ ನೆನಪಿಲ್ಲೇನು? ನಮ್ಮ ಮೀನಲನ ಕಣ್ಣರೆ ನೆಟ್ಟಗ ಇದ್ವೇನು?"

ಪ್ರಯಾಗಬಾಯಿ ಮೊಬೈಲು ಎತ್ತಿ ಹತ್ತಿರ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು.

"ಮೀನಲ ಹಿಂಗೇ ಇದ್ಳಲ್ಲ ವೈನಿ," ಎಂದಳು. ಅವಳ ದನಿಯಲ್ಲಿ ಹಟವಿರಲಿಲ್ಲ. "ಮೆಳ್ಳಗಣ್ಣ ಎಲ್ಲಿತ್ತು ಆಕಿಗೆ?"

ಕಾಂತಾಬಾಯಿ ನಾದಿನಿ ಬಡಿಸಿದ ರೊಟ್ಟಿ ಮುರಿದು ತಿಂದು, ನೀರು ಕುಡಿದು, ಬಸ್ ನಿಲ್ದಾಣಕ್ಕೆ ನಡೆದಳು. ಮೀನಲಳನ್ನು ಕಣ್ಣಾರೆ ಕಂಡವರು ಮನೆಯಲ್ಲಿ ಇನ್ನು ಶಿವರಾಯನೊಬ್ಬ ಉಳಿದಿದ್ದ. ಅವನನ್ನು ಕೇಳಲು ಅವಳಿಗೆ ಧೈರ್ಯ ಬರಲಿಲ್ಲ.

ಮನೆ ಮುಟ್ಟಿದಾಗ ಶಾಂಭವಿ ಅಂಗಳದಲ್ಲಿ ಬೆನ್ನು ತಿರುಗಿಸಿ ಆಡುತ್ತಿದ್ದಳು. ಸ್ವಪ್ನಾಲಿ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು.

"ಮೀನಲ, ಬಾ ಇಲ್ಲಿ" ಎಂದು ಕಾಂತಾಬಾಯಿಯ ಬಾಯಿಂದ ತಪ್ಪಿ ಬಂತು.

ಹುಡುಗಿ ತಿರುಗಿ, "ಹೂಂ, ಬಂದೆ" ಎಂದು ಎದ್ದು ಬಂದಳು.

ಸ್ವಪ್ನಾಲಿ ಮೊರ ಕೆಳಗಿಟ್ಟಳು. ಅತ್ತೆ-ಸೊಸೆ ಒಬ್ಬರ ಮುಖವನ್ನೊಬ್ಬರು ನೋಡಿದರು. ಶಾಂಭವಿಗೆ ತಾನು ಯಾವ ಹೆಸರಿಗೆ ಓಗೊಟ್ಟೆನೆಂಬುದರ ಪರಿವೆಯೇ ಇರಲಿಲ್ಲ.

"ಅತ್ತಿ, ನಾ ಈಕಿನ್ನ ಕರಕೊಂಡು ನಿಲಂಗಾಕ್ಕ ಹೋಗ್ತೀನ್ರಿ," ಎಂದಳು ಸ್ವಪ್ನಾಲಿ. ನಿಲಂಗಾ ಅವಳ ತವರು. "ಸಾಲಿನೂ ಅಲ್ಲೇ ಹಚ್ತೀನಿ. ಈ ಮನ್ಯಾಗ ಬ್ಯಾಡ್ರಿ."

"ಹೋಗವ್ವ. ಜಲ್ದಿ ಕರಕೊಂಡ ಹೋಗು" ಎಂದಳು ಕಾಂತಾಬಾಯಿ.

ಮೊಮ್ಮಗಳ ಲಂಗ, ಫ್ರಾಕುಗಳನ್ನು ಅವಳೇ ಮಡಚಿ ಚೀಲಕ್ಕೆ ತುಂಬಿದಳು. ಬೆಳಗಿನ ಬಸ್ಸಿಗೆ ಪಂಡಿತ ಇಬ್ಬರನ್ನೂ ಹತ್ತಿಸಿದ. ಶಾಂಭವಿ ಕಿಟಕಿಯಿಂದ ಕೈ ಹೊರಗೆ ಹಾಕಿ ಆಜಿಯ ಬೆರಳು ಹಿಡಿದುಕೊಂಡಳು. ಈ ಮುಖ ಇವಳದೇ, ಬೇರೆ ಯಾರದೂ ಅಲ್ಲ ಎಂದು ಕಾಂತಾಬಾಯಿ ತನಗೆ ತಾನೇ ಹೇಳಿಕೊಳ್ಳುತ್ತ, ಬಸ್ಸು ಹೊರಡುವವರೆಗೂ ರೆಪ್ಪೆ ಬಡಿಯದೆ ನೋಡಿದಳು. ಎಷ್ಟು ನೋಡಿದರೂ ಅವಳಿಗೆ ಕಿಟಕಿಯಲ್ಲಿ ಸತ್ತ ಮಗಳೇ ಕಾಣುತ್ತಿದ್ದಳು. ಬಸ್ಸು ಕದಲಿದಾಗ ಅವಳೇ ಮೊದಲು ಬೆರಳು ಬಿಡಿಸಿಕೊಂಡಳು.