ಲೆಕ್ಕಕ್ಕೆ ಬೇಡವಾದವರು

ಕರಕರ — ಏನಿದು, ಇಲಿಯೇ, ಅಲ್ಲ, ಹೆಡ್‌ಫೋನಿನೊಳಗಿನಿಂದಲೇ ಬರುತ್ತಿದೆ, ಅವಳು ವಿಡಿಯೊ ಹಿಂದಕ್ಕೆಳೆದಳು, ಮತ್ತೆ ಕರಕರ, ಆಮೇಲೆ ಕ್ಲಿಕ್. ಖುಷಿಯಾಗಿರೋ ಮುಖಗಳನ್ನ ಒಂದು ನಿಮಿಷಕ್ಕೆ ಕತ್ತರಿಸಿ ಕೊಡಮ್ಮ ಅಂದಿದ್ದರು ಮ್ಯಾನೇಜರು, ಅದಕ್ಕಾಗಿ ಕೂತವಳಿಗೆ ಈ ಸದ್ದು ಎಲ್ಲಿಂದ ಗಂಟುಬಿತ್ತು. ಆಸ್ಪತ್ರೆಯ ಹೊಸ ವೆಬ್‌ಸೈಟು ಜನರ ಕೈಗೆ ಒಗ್ಗುತ್ತದೆಯೇ ನೋಡಲು ಹತ್ತು ಮಂದಿಯನ್ನು ಒಬ್ಬೊಬ್ಬರಾಗಿ ಪಕ್ಕದಲ್ಲಿ ಕೂರಿಸಿಕೊಂಡು, ಡಯಾಲಿಸಿಸ್ ದಿನ ಬದಲಿಸಿ ನೋಡೋಣ ಅಂತ ಒಂದೇ ಕೆಲಸ ಕೊಟ್ಟು, ಮುಖವನ್ನೂ ಪರದೆಯನ್ನೂ ವಿಡಿಯೊ ಮಾಡಿಕೊಳ್ಳುತ್ತ, ತಾನು ತುಟಿ ಹೊಲಿದುಕೊಂಡವಳಂತೆ ಕೂತಿದ್ದಳಲ್ಲ, ತಲೆಯಾಡಿಸಿ ಕೂಡ ಸುಳಿವು ಕೊಡಬಾರದು, ಇದೇನಾ ಅಂತ ಕೇಳಿದರೆ ನಿಮಗೇನನ್ಸುತ್ತೆ ಅಂತ ತಿರುಗಿ ಕೇಳಬೇಕು, ಅದರಲ್ಲಿ ಅವಳದು ಎತ್ತಿದ ಕೈ. ಮೂರನೆಯವರು, ಟೈಲರಮ್ಮ, ಕರ್ಸರನ್ನು ಪುಟದ ತುಂಬ ಅಲೆಸುತ್ತಾರೆ, ಕೆಳಗಿನ ಮೂಲೆಯಲ್ಲಿ ದಿನ ಬದಲಿಸುವ ಬೂದು ಬಟನ್ನಿನ ಹತ್ತಿರ ಬಂದದ್ದೇ ಕರಕರ, ನಿಲ್ಲುತ್ತಾರೆ, ಕ್ಲಿಕ್. ಐದನೆಯವನು ಡ್ರೈವರು, ದಾಟಿಯೇ ಹೋಗಿದ್ದವನು ಕರಕರ ಕೇಳಿ ಹಿಂದಕ್ಕೆ ಬಂದ, ಕ್ಲಿಕ್. ಏಳು, ಎಂಟು — ಅಯ್ಯೋ ದೇವರೇ, ಅದು ತನ್ನದೇ ಪೆನ್ನು. ಅವರು ಒತ್ತುವ ಮೊದಲೇ, ಸಿಕ್ಕಿತು ಸಿಕ್ಕಿತು ಎಂದು ಸಮಯ ಬರೆದುಕೊಳ್ಳುವ ತನ್ನ ಹಾಳು ಆತುರ. ನೀನು ಬರೆಯೋದಲ್ಲ ಕಣೇ, ಕೊರೆಯೋದು, ಒಂದೇ ಮೇಜಿನಲ್ಲಿ ಓದುತ್ತಿದ್ದ ಅಕ್ಕ ಅನ್ನುತ್ತಿದ್ದಳು, ನಿನ್ನ ಪೆನ್ನಿನ ಸದ್ದಿಗೆ ಪಕ್ಕದ್ಮನೆಯವ್ರೂ ಪಾಸಾಗ್ತಾರೆ. ಆಗ ನಕ್ಕಿದ್ದಳು, ಈಗ ಒಂಬತ್ತನೆಯದನ್ನೂ ಹಾಕಿದಳು, ಕರಕರ, ಕ್ಲಿಕ್.

ಒಂಬತ್ತಕ್ಕೆ ಒಂಬತ್ತು, ನೂರಕ್ಕೆ ನೂರು ಎಂದು ವರದಿಯಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದಳು, ಯಾಕೆಂದರೆ ಹತ್ತನೆಯವರನ್ನು ತೆಗೆದುಹಾಕಿದ್ದಳು. ನಿವೃತ್ತ ಬಡಗಿ, ಗರಗಸದ ಯಂತ್ರದ ಪಕ್ಕ ನಲವತ್ತು ವರ್ಷ ನಿಂತು ಎರಡೂ ಕಿವಿ ಕಳೆದುಕೊಂಡವರು, ವಾರಕ್ಕೆ ಮೂರು ಸಲ ಹೆಂಡತಿಯನ್ನು ಡಯಾಲಿಸಿಸ್ಸಿಗೆ ಕರೆದೊಯ್ಯುವವರು. ಕರ್ಸರ್ ಬಟನ್ನಿನ ಮೇಲೆ ಬರುತ್ತದೆ, ಕರಕರ, ದಾಟುತ್ತದೆ, ಬರುತ್ತದೆ, ಕರಕರ, ದಾಟುತ್ತದೆ, ಹನ್ನೊಂದು ನಿಮಿಷ, ಕೊನೆಗೆ ಮೌಸ್ ಬಿಟ್ಟು ಕೈಗಳನ್ನು ತೊಡೆಯ ಮೇಲಿಟ್ಟು ಅವಳ ಕಡೆ ತಿರುಗಿ ನಗುತ್ತಾರೆ, ನಂದೇ ತಪ್ಪು ಬಿಡಮ್ಮ. ಇವರನ್ನ ಯಾಕೆ ಬಿಟ್ಟೆ, ಮ್ಯಾನೇಜರು ಕೇಳಿದ್ದರು, ಕಿವಿ ಕೇಳ್ಸಲ್ಲ ಸರ್ ಅವರಿಗೆ, ಓ ಹೌದಾ, ಸರಿ ಸರಿ. ಇಬ್ಬರಿಗೂ ಹೊಳೆಯಲಿಲ್ಲವಲ್ಲ, ಆ ಪುಟದಲ್ಲಿ ಕೇಳಿಸಿಕೊಳ್ಳುವಂಥದ್ದು ಒಂದಾದರೂ ಇತ್ತೇ, ಓದಿ ಒತ್ತುವುದಕ್ಕೆ ಕಿವಿ ಏನಕ್ಕೆ, ಹತ್ತು ಮಂದಿಯಲ್ಲಿ ತನ್ನ ಪೆನ್ನಿನ ಹಂಗಿಲ್ಲದೆ ಆ ಪುಟ ನೋಡಿದವರು ಅವರೊಬ್ಬರೇ. ಸೋಮವಾರದಿಂದ ಆಸ್ಪತ್ರೆಯ ಕೌಂಟರ್ ಮುಚ್ಚುತ್ತಾರಂತೆ, ಇನ್ನು ಎಲ್ಲ ಆ ಪುಟದಲ್ಲೇ, ಫಲಿತಾಂಶ ನೋಡಿ ಧೈರ್ಯ ಬಂತು ಅಂತ ಆಸ್ಪತ್ರೆಯವರು ಬರೆದಿದ್ದಾರೆ. ಕೌಂಟರಿನಾಕೆ ನಂಗೆ ಚೀಟಿಲಿ ಬರ್ದು ಕೊಡ್ತಾಳಮ್ಮ, ಒಳ್ಳೆ ಹೆಣ್ಮಗಳು, ಒಂದ್ಸಲ ದಿನ ತಪ್ಪಿ ನಮ್ಮನೆಯವಳು ಮೈಯೆಲ್ಲ ಊದಿ ಉಸಿರು ಎಳೀತಿದ್ಲು, ಎಂದಿದ್ದರು, ಪರೀಕ್ಷೆಗೂ ಮುಂಚೆ, ನೀರು ಕುಡಿಯುತ್ತ, ಕಿವಿ ಕೇಳದವರ ಆ ದೊಡ್ಡ ದನಿಯಲ್ಲಿ.

ಮ್ಯಾನೇಜರಿಗೆ ಮೇಲ್ ಬರೆಯತೊಡಗಿದಳು, ಸರ್, ವರದಿಯಲ್ಲಿ ಒಂದು ಸಣ್ಣ ದೋಷ — ಸಣ್ಣ ಎಂಬುದನ್ನು ಅಳಿಸಿದಳು, ನಮ್ಮ ವರದಿಯಲ್ಲಿ — ನಮ್ಮ ಎಂಬುದು ಎಲ್ಲಿಂದ ಬಂತು, ಅಳಿಸಿದಳು, ಪೆನ್ನಿನ ಸದ್ದಂತೆ, ತಲೆ ಕೆಟ್ಟಿದ್ಯಾ ಅನ್ನುತ್ತಾರೆ, ಅನ್ನಲಿ, ಇನ್ನೂ ಶುಕ್ರವಾರ, ಇನ್ನೂ ಎರಡು ದಿನವಿದೆ, ಆದರೆ ಬೆರಳು ಏಳುತ್ತಿಲ್ಲ, ನಿಲ್ಲಿಸಿದ್ದೆನೆಂದುಕೊಂಡ ವಿಡಿಯೊ ಓಡುತ್ತಲೇ ಇದೆ, ಮೌಸ್ ಬಿಡುತ್ತಾರೆ, ತಿರುಗುತ್ತಾರೆ, ನಂದೇ ತಪ್ಪು ಬಿಡಮ್ಮ, ಇದರ ಮುಂದಿನದನ್ನು ಅವಳು ನೋಡಿಯೇ ಇರಲಿಲ್ಲ, ಲೆಕ್ಕಕ್ಕೆ ಬೇಡವಾದದ್ದನ್ನು ಯಾರು ನೋಡುತ್ತಾರೆ — ಕರಕರ, ಅವಳದೇ ಕೈ ಪರದೆಯೊಳಗೆ ಚಾಚುತ್ತದೆ, ಚೀಟಿಯಲ್ಲಿ ದೊಡ್ಡದಾಗಿ ಬರೆದಿದೆ, ಪರವಾಗಿಲ್ಲ, ಅವರು ಓದುತ್ತಾರೆ, ಮುಖ ಹಗುರಾಗುತ್ತದೆ, ಎರಡು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಳ್ಳುತ್ತಾರೆ, ಹಿಂದಕ್ಕೆಳೆದಳು, ತಿರುಗುತ್ತಾರೆ, ನಂದೇ ತಪ್ಪು, ಚೀಟಿ, ಪರವಾಗಿಲ್ಲ, ಅವರದಲ್ಲದ ತಪ್ಪಿಗೆ ತಾನು ಅವರನ್ನು ಕ್ಷಮಿಸಿದ್ದಳು, ತಿರುಗುತ್ತಾರೆ, ಚೀಟಿ, ಎರಡು ಮಡಿಕೆ, ಜೇಬು