ಬಂಪರಿಗೆ ಕಟ್ಟಿದ ನಿಂಬೆಹಣ್ಣು

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಆಫ್ರಿಕಾದ ಕಾಡುಗಳಲ್ಲಿ ವರ್ಷಗಟ್ಟಲೆ ಇದ್ದು ಬರೆದವರಿದ್ದಾರೆ. ನಾನು ಜಿಂಬಾಬ್ವೆಯ ಎರಡು ಪಾರ್ಕುಗಳನ್ನು ಗಾಡಿಯ ಗಾಜಿನೊಳಗಿಂದ ನೋಡಿ ಬಂದವಳು. ಓದಿದ್ದು ಸಂಜೆ ಕಾಲೇಜಿನಲ್ಲಿ, ಅದೂ ಲೆಕ್ಕಪತ್ರ. ಜಿಂಕೆಯಂಥವುಗಳಲ್ಲಿ ಇಂಪಾಲ ಯಾವುದು, ಕುಡು ಯಾವುದು ಎಂದು ಈಗಲೂ ಮಗಳನ್ನು ಕೇಳಬೇಕು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಾವು ಅಮೆರಿಕದ ಮಿಷಿಗನ್‌ನಲ್ಲಿರುವ ಸೌತ್‌ಫೀಲ್ಡಿನವರು: ನಾನು, ನನ್ನ ಗಂಡ ಈರೇಶ್, ಅತ್ತೆ ಶಿವಕ್ಕ, ಕಾಲೇಜಿಗೆ ಹೋಗುವ ಮಗಳು ಚೈತ್ರ. ಗಾಡಿಯನ್ನು ನಾವೇ ಓಡಿಸಿಕೊಂಡು ಸಫಾರಿ ಮಾಡಬೇಕೆಂಬುದು ಈರೇಶ್ ಅವರ ಬಹಳ ದಿನದ ಆಸೆ. ಟಿಕೆಟ್ಟು, ಕ್ಯಾಂಪು ಎಲ್ಲಾ ಬುಕ್ ಆದ ಮೇಲೆ ಬಾಡಿಗೆ ಕಂಪನಿಯಿಂದ ಮೇಲ್ ಬಂತು. ಸಿಗುವುದು ಗೇರ್ ಹಾಕುವ ಗಾಡಿ ಮಾತ್ರ, ಸ್ಟೀರಿಂಗ್ ಬಲಕ್ಕೆ. ಈರೇಶ್ ಕಾರು ಕಲಿತದ್ದೇ ಮಿಷಿಗನ್‌ನಲ್ಲಿ, ಆಟೋಮ್ಯಾಟಿಕ್‌ನಲ್ಲಿ. ಕ್ಲಚ್ಚಿನ ಮೇಲೆ ಕಾಲಿಟ್ಟವರೇ ಅಲ್ಲ. ನಾನಾದರೆ ದಾವಣಗೆರೆಯಲ್ಲಿ ಅಪ್ಪನ ಪಾತ್ರೆ ಅಂಗಡಿಯ ಓಮ್ನಿ ಓಡಿಸುತ್ತಿದ್ದವಳು.

"ನೀನ ಹೊಡಿಬೇಕು ನೀಲಾ," ಎಂದರು ಈರೇಶ್.

"ನಾನಾ? ನಾನು ಫ್ರೀವೇ ಹತ್ತಿ ಎಷ್ಟು ವರ್ಷ ಆಯ್ತು, ಗೊತ್ತಲ್ಲ ರೀ."

ಒಮ್ಮೆ ರ‍್ಯಾಂಪಿನಿಂದ ಫ್ರೀವೇಗೆ ಸೇರುವಾಗ ಟ್ರಕ್ಕೊಂದು ತೀರಾ ಪಕ್ಕಕ್ಕೆ ಬಂದು ಹಾರ್ನ್ ಹೊಡೆದಿತ್ತು. ಏನೂ ಆಗಲಿಲ್ಲ. ಆದರೆ ಅಂದಿನಿಂದ ನನ್ನದು ಊರೊಳಗಿನ ಟೆನ್ ಮೈಲ್, ಟ್ವೆಲ್ವ್ ಮೈಲ್ ರೋಡುಗಳಷ್ಟೇ. ಶಿಕಾಗೊ ಪಕ್ಕದ ಸ್ಕೋಕಿಯಲ್ಲಿರುವ ಅಣ್ಣ ಉಪೇಂದ್ರನ ಮನೆಗೂ ಯಾರಾದರೂ ಕರೆದುಕೊಂಡು ಹೋದರೆ ಉಂಟು. ನಿಧಾನವಾಗಿ ನಾನು ಪಕ್ಕದ ಸೀಟಿನವಳಾಗಿಬಿಟ್ಟೆ.

ಈರೇಶ್ ಒಂದು ದಾರಿ ಕಂಡುಹಿಡಿದರು. "ಮೊದಲನೇ ಪಾರ್ಕ್‌ನಾಗ ನೀ ಹೊಡಿ. ಎರಡನೇದಕ್ಕ ಒಬ್ಬ ಗೈಡ್‌ನ ಹೋಲ್ಡ್ ಮಾಡೀನಿ. ಅಲ್ಲಿ ಒಂದು ದಿನ ನೋಡೂಣು. ಆಗಂಗಿಲ್ಲ ಅಂದ್ರ ಅವನ ಹೊಡಿತಾನ. ಟೆನ್ಶನ್ ತಗೋಬ್ಯಾಡ."

ಹೇಳಿದ್ದು ಪ್ರೀತಿಯಿಂದಲೇ. ಆದರೆ ಆ ಗೈಡ್ ಬಂದು ಕೂತರೆ ನಾನು ಇನ್ನೆಂದೂ ಸ್ಟೀರಿಂಗಿನ ಹಿಂದೆ ಧೈರ್ಯವಾಗಿ ಕೂರುವುದಿಲ್ಲ ಎಂದು ನನಗೆ ಖಚಿತವಾಗಿ ಅನ್ನಿಸಿತು. ಅವನು ಬರಬಾರದು. ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ ಮೇಲೆ ಆಗದಿದ್ದರೆ ಎಂಬ ಭಯ.

ವಿಕ್ಟೋರಿಯಾ ಫಾಲ್ಸ್ ಊರಿನಲ್ಲಿ ಗಾಡಿ ಕೈಗೆ ಸಿಕ್ಕಿತು. ನೆತ್ತಿಯ ಮೇಲೆ ಟೆಂಟ್ ಮಡಚಿಟ್ಟ ಬಿಳಿ ಪಿಕಪ್. ಅತ್ತೆ ಅದನ್ನು ಒಂದು ಸುತ್ತು ಬಂದು ನೋಡಿದರು.

"ಪೂಜಿ ಆಗದ ಗಾಡಿ ಹತ್ತಂಗಿಲ್ಲ ನಾ."

"ಅಜ್ಜಿ, ಇಟ್ಸ್ ಎ ರೆಂಟಲ್," ಎಂದಳು ಚೈತ್ರ.

"ಬಾಡಿಗಿದಾದ್ರ ಗಾಲಿ ಇಲ್ಲೇನು ಅದಕ?"

ಮಾರ್ಕೆಟ್ಟಿನಲ್ಲಿ ನಿಂಬೆಹಣ್ಣು, ಹಸಿಮೆಣಸಿನಕಾಯಿ ಸಿಕ್ಕವು. ಮಿಷಿಗನ್‌ನಲ್ಲಿ ಹೊಸ ಕಾರಿಗೆ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಮಾಡಿಸುವಂತೆಯೇ ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟೆವು. ನಾನು ಗಾಡಿಯನ್ನು ಮುಂದಕ್ಕೆ ಬಿಟ್ಟು ಜಜ್ಜಿದೆ. ಇನ್ನೊಂದನ್ನು ಮೆಣಸಿನಕಾಯಿಗಳ ಜೊತೆ ದಾರಕ್ಕೆ ಪೋಣಿಸಿ, ದೃಷ್ಟಿಯಾಗದಿರಲೆಂದು ಅತ್ತೆ ಮುಂದಿನ ಬಂಪರಿನ ಕೆಳಗೆ ಕಟ್ಟಿದರು. ಬಾಡಿಗೆ ಆಫೀಸಿನವನು ಹೊರಗೆ ಬಂದು ಫೋಟೋ ತೆಗೆದುಕೊಂಡ.

ಮೊದಲ ಪಾರ್ಕು ಹ್ವಾಂಗೆ. ಗೇರ್ ಹಿಡಿದ ಕೂಡಲೇ ಕೈಗೆ ಎಲ್ಲಾ ನೆನಪಾಯಿತು. ತಲೆಗೆ ನೆನಪಾಗಲು ತಡವಾಯಿತು. ಮರಳಿನಲ್ಲಿ ಗಾಡಿ ಮತ್ತೆ ಮತ್ತೆ ಆಫ್ ಆಗುತ್ತಿತ್ತು, ಜಿರಾಫೆಗಳು ಮೇವು ಬಿಟ್ಟು ನಿಂತು ನೋಡುತ್ತಿದ್ದವು. ಈರೇಶ್ ತಾಳ್ಮೆಯಿಂದ ಕೂತಿರುತ್ತಿದ್ದರು. ಅದು ಬೈಗುಳಕ್ಕಿಂತ ಕಷ್ಟ. ಕೊನೆಯ ದಿನ ಮಾತ್ರ, ಗೇರ್ ಬದಲಿಸಿದ್ದು ನನಗೇ ತಿಳಿಯದ ಹಾಗೆ ನೀರಿನ ಹೊಂಡದ ತನಕ ಹೋಗಿ ನಿಲ್ಲಿಸಿದೆ. ಜೀಬ್ರಾಗಳು ಸಾಲಾಗಿ ಬಂದು ನೀರು ಕುಡಿದವು. ಅತ್ತೆ ಮನೆಯಿಂದ ತಂದಿದ್ದ ಖಡಕ್ ರೊಟ್ಟಿಗೆ ಶೇಂಗಾ ಚಟ್ನಿ ಹಾಕಿ ಕೊಟ್ಟರು. ಅಷ್ಟು ರುಚಿಯಾಗಿ ನಾನು ತಿಂದು ಬಹಳ ದಿನವಾಗಿತ್ತು.

ಎರಡನೆಯದು ಮಾನಾ ಪೂಲ್ಸ್, ತುಂಬಾ ದೂರದ ದಾರಿ. ಅದನ್ನೂ ನಾನೇ ಓಡಿಸಿದೆ. ಗೇಟಿನಲ್ಲಿದ್ದ ಅಧಿಕಾರಿ ಹೆಂಗಸು, ಕಿತ್ತಳೆ ಜಾತಿಯ ಹಣ್ಣೇನಾದರೂ ಇದೆಯೇ ಎಂದು ಕೇಳಿದರು. ಆ ವಾಸನೆಗೆ ಆನೆಗಳು ಗಾಡಿಯನ್ನೇ ಹುಡುಕಿಕೊಂಡು ಬರುತ್ತವಂತೆ. ಚೈತ್ರ ಒಂದು ಕಿತ್ತಳೆಯನ್ನು ಅಲ್ಲೇ ತಿಂದಳು, ಉಳಿದವನ್ನು ಚೀಲದ ಸಮೇತ ಕೊಟ್ಟೆವು. ಬಂಪರಿನದು ಯಾರ ನೆನಪಿಗೂ ಬರಲಿಲ್ಲ. ಕಟ್ಟಿದ ಮೇಲೆ ಅದು ನಮ್ಮ ಪಾಲಿಗೆ ತಿನ್ನುವ ಪದಾರ್ಥವಾಗಿ ಉಳಿದಿರಲಿಲ್ಲ.

ಮಾರನೆಯ ದಿನ ನದಿಯ ಕಡೆ ಹೊರಟೆವು. ಅಂದು ಸಂಜೆಯೊಳಗೆ ಗೈಡ್‌ಗೆ ಉತ್ತರ ಹೇಳಬೇಕಿತ್ತು. ದಾರಿ ಕಿರಿದು, ಎರಡೂ ಬದಿಗೆ ಮರ. ಒಂದು ತಿರುವು ಕಳೆದರೆ ಎದುರಿಗೆ ಒಂಟಿ ಗಂಡಾನೆ. ನಿಲ್ಲಿಸಿದೆ. ಅದು ತನ್ನ ಪಾಡಿಗೆ ಹೊರಟಿದ್ದದ್ದು, ಸೊಂಡಿಲೆತ್ತಿ ಗಾಳಿ ಮೂಸಿ ನೇರ ನಮ್ಮತ್ತ ನಡೆದು ಬಂತು.

"ನಿಂಬೆಹಣ್ಣು," ಎಂದೆ. ಆಗ ಎಲ್ಲರಿಗೂ ಹೊಳೆಯಿತು.

"ಗೇಟಿನಾಗಿನಾಕಿ ತಿನ್ನೂದು ಕೇಳಿದ್ಲು. ಇದು ದೃಷ್ಟಿಗೆ ಕಟ್ಟಿದ್ದಲ್ಲೇನವಾ," ಎಂದರು ಅತ್ತೆ ಪಿಸುದನಿಯಲ್ಲಿ.

"ಟೆಲ್ ಹಿಮ್ ದಟ್, ಅಜ್ಜಿ."

ಸೊಂಡಿಲು ಬಾನೆಟ್ಟಿನ ಮೇಲೆ ಹರಿದಾಡಿ ಕೆಳಗಿಳಿಯಿತು. ಬಂಪರ್ ಕಿರುಗುಟ್ಟಿತು. ದಾರ ಕಿತ್ತು ಬಂದು ನಿಂಬೆಹಣ್ಣು ಬಾಯಿಗೆ ಹೋಯಿತು, ಜೊತೆಗೆ ಮೆಣಸಿನಕಾಯಿಗಳೂ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಆನೆ ತಲೆ ಕೊಡವಿತು. ಬುಸ್ಸೆಂದು ಉಸಿರು ಬಿಟ್ಟ ರಭಸಕ್ಕೆ ನೆಲದ ಧೂಳು ಎದ್ದಿತು. ಕಿವಿಗಳು ಅಗಲವಾದವು.

"ಅಲುಗಾಡಬ್ಯಾಡ, ನೀಲಾ," ಎಂದರು ಈರೇಶ್.

"ಅಮ್ಮ, ಡೋಂಟ್ ಮೂವ್."

"ಹಿಂದಕ ಬಿಡವಾ ಗಾಡಿನ," ಎಂದರು ಅತ್ತೆ.

ಯಾರ ಮಾತು ಸರಿಯೋ ನನಗೆ ತಿಳಿದಿರಲಿಲ್ಲ. ಬಾಯಿ ಉರಿಯುತ್ತಿರುವ ಪ್ರಾಣಿಗೆ ಓಡಾಡಲು ಜಾಗ ಬೇಕು ಎಂದಷ್ಟೇ ತೋಚಿತು. ರಿವರ್ಸ್ ಹಾಕಿದೆ. ಹಿಂದಕ್ಕೆ ತಿರುಗಿ, ಕ್ಲಚ್ಚನ್ನು ಅರ್ಧದಲ್ಲಿ ಹಿಡಿದು, ಪಾತ್ರೆ ತುಂಬಿದ ಓಮ್ನಿಯನ್ನು ಗಲ್ಲಿಯಿಂದ ಹೊರಗೆ ತೆಗೆಯುವ ನಿಧಾನದಲ್ಲಿ ಬಿಟ್ಟೆ. ಗಾಡಿ ಆಫ್ ಆಗಲಿಲ್ಲ. ಆನೆ ಕೆಲವು ಹೆಜ್ಜೆ ನಮ್ಮ ಜೊತೆಗೇ ಬಂದು ನಿಂತಿತು. ತಿರುವು ದಾಟಿದೆ, ಮರಗಳು ನಡುವೆ ಬಂದವು. ಅವುಗಳ ಸಂದಿಯಿಂದ ನೋಡಿದರೆ ಅದು ನದಿಗಿಳಿದು ಸೊಂಡಿಲು ಸೊಂಡಿಲಾಗಿ ನೀರು ಬಾಯಿಗೆ ಸುರಿದುಕೊಳ್ಳುತ್ತಿತ್ತು.

"ಪಾಪ, ಖಾರ ಹತ್ತೇತಿ. ಒಂದೀಟು ಬೆಲ್ಲ ತರಬೇಕಿತ್ತು," ಎಂದರು ಅತ್ತೆ.

ಚೈತ್ರ ಮುಖ ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕೆ.

ಮೂಕಪ್ರಾಣಿಗೆ ಖಾರ ತಿನ್ನಿಸಿದೆವಲ್ಲ ಎಂಬ ಸಂಕಟ ಬಿಡಲಿಲ್ಲ. ಕ್ಯಾಂಪಿಗೆ ಮರಳಿದವಳೇ ಆಫೀಸಿಗೆ ಹೋಗಿ ನಡೆದದ್ದನ್ನು ಒಪ್ಪಿಸಿದೆ. ಅಲ್ಲಿದ್ದ ರೇಂಜರ್ ಸರಿಯಾಗಿಯೇ ಗದರಿಸಿ, ಬಂಪರನ್ನು ಸೋಪು ಹಾಕಿ ತೊಳೆಸಿದರು. ಆ ಆನೆಗೆ ಏನೂ ಆಗುವುದಿಲ್ಲ, ಇನ್ನು ಬಿಳಿ ಪಿಕಪ್ ಕಂಡರೆ ದೂರ ಹೋದೀತು ಎಂದರು. ನಾವು ಗಾಡಿ ತೊಳೆಯುತ್ತಿರುವಾಗಲೇ ಗೈಡ್ ಬಂದ. ನಾಳೆಯಿಂದ ತಾನು ಓಡಿಸಬೇಕೇ ಎಂದು ಈರೇಶ್ ಅವರನ್ನು ಕೇಳಿದ.

ನನ್ನ ಕೈ ಸೋಪಿನ ನೊರೆಯಲ್ಲಿತ್ತು. ಆನೆ ಬಂಪರಿಗೇ ಬಂದ ಇಂಥ ದಿನ ಈರೇಶ್ ಗೈಡ್ ಬೇಕು ಎನ್ನದೆ ಇರುತ್ತಾರೆಯೇ? ನಾನು ಬಂಪರನ್ನು ಉಜ್ಜುತ್ತಲೇ ಇದ್ದೆ. ಈರೇಶ್ ಬಂಪರನ್ನು ನೋಡಿದರು, ನನ್ನನ್ನು ನೋಡಿದರು.

"ನೋ, ಥ್ಯಾಂಕ್ ಯು. ಮೈ ವೈಫ್ ಡ್ರೈವ್ಸ್," ಎಂದರು.

ಉಳಿದ ದಿನಗಳೂ ನಾನೇ ಓಡಿಸಿದೆ. ಒಂದು ಬೆಳಿಗ್ಗೆ ಸಿಂಹಗಳ ಗುಂಪೊಂದು ದಾರಿಯ ಮೇಲೇ ಮಲಗಿತ್ತು. ಎಂಜಿನ್ ಆರಿಸಿ, ಅವು ಏಳುವ ತನಕ ಕಾದೆ. ಹಿಂದಿನ ಸೀಟಿನಲ್ಲಿ ಅತ್ತೆಗೂ ಮಗಳಿಗೂ ನಿದ್ದೆ. ಈರೇಶ್ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು. ಜೀವನದಲ್ಲಿ ಇಷ್ಟು ಸಾಕು ಅನ್ನಿಸುವ ಹಾಗಿತ್ತು.

ಅಂದು ಅವರು ಹಾಗೆ ಹೇಳಿದ್ದು ನನ್ನ ಡ್ರೈವಿಂಗ್ ಮೇಲಿನ ನಂಬಿಕೆಯಿಂದಲೋ, ನೊರೆಗೈಯಲ್ಲಿ ನಿಂತಿದ್ದ ನನ್ನ ಮುಖ ಕಂಡು ನೋಯಿಸಬಾರದೆಂದೋ, ನನಗೆ ಗೊತ್ತಿಲ್ಲ. ನಾನು ಕೇಳಿಲ್ಲ, ಅವರಾಗಿ ಹೇಳಿಲ್ಲ.