ಭಟ್ಟಿಯಲ್ಲಿ ಹಣ್ಣಾದ ಗಾಜು

ಇದು ನಡೆದದ್ದೇ. ಸುಳ್ಳಾದರೆ ಕಮಲಾಪುರದ ಬಸ್ಸಿನಲ್ಲಿ ಈ ಜನ್ಮದಲ್ಲಿ ನನಗೆ ಸೀಟು ಸಿಗದಿರಲಿ. ಆದರೆ ಎಲ್ಲಿಂದ ಶುರು ಮಾಡಲಿ? ಗಾಜಿನಿಂದಲೋ, ಬಾಳೆಹಣ್ಣಿನಿಂದಲೋ? ಸರಿ, ಗಾಜು ಭಟ್ಟಿಗೆ ಹೋಗಲಿ. ನೀವು ಈ ಸಾಲು ಓದುವಾಗಲೇ ಮಾಪಣ್ಣ ಬಾಗಿಲು ಮುಚ್ಚಿದ.

೧

ಮಾಪಣ್ಣ ಕಲಬುರಗಿಯ ಒಂದು ಲ್ಯಾಬಿನಲ್ಲಿ ಭಟ್ಟಿ ಕಾಯುವವನು. ಮೊದಲು ಕಮಲಾಪುರದಲ್ಲಿ ಕೆಂಪು ಬಾಳೆಯನ್ನು ಹಣ್ಣಿಗಿಡುತ್ತಿದ್ದ. ಆ ಗಾಜು, ಅಲ್ಲಿ ಸಂಶೋಧನೆ ಮಾಡುವ ಸುಜಾತಾಳದು. ಅದರ ಮೇಲೆ ಕೂದಲಿಗಿಂತ ತೆಳ್ಳಗಿನ, ಗಾಜಿನದೇ ಒಂದು ಪೊರೆ. ಪೊರೆಯೊಳಗೆ ಅರೆವಾಹಕದ ಕಾಳುಗಳು. ಎಷ್ಟು ಸಣ್ಣವು? ಒಂದು ಕೂದಲಿನ ದಪ್ಪದಲ್ಲಿ ಹತ್ತು ಸಾವಿರ ಸಾಲಾಗಿ ನಿಲ್ಲುತ್ತವೆ. (ಇದು ನನ್ನ ಬುರುಡೆಯಲ್ಲ. ನನ್ನ ಬುರುಡೆ ಅಷ್ಟು ಸಣ್ಣದಿರುವುದಿಲ್ಲ.)

“ಹಳದಿ ಆದ ಕೂಡ್ಲೇ ತೆಗೀರಿ ಕಾಕಾ,” ಎಂದು ಹೇಳಿ ಅವಳು ಕ್ಲಾಸಿಗೆ ಹೋದಳು.

೨

ಮಾಪಣ್ಣ ನಿದ್ದೆಹೋದ.

(“ಏ ಕಥಿ ಸಾಹೇಬ್ರ, ಆ ಸಾಲಿಗಿ ಕಾಟು ಹೊಡೀರಿ! ನಾ ಮಕ್ಕೊಂಡಿಲ್ಲ. ಹಳದಿ ಆಗಿದ್ದು ನೋಡೀನಿ. ನಮ್ಮ ಕಮಲಾಪುರದಾಗ ಹಳದಿ ಅಂದ್ರ ಹಣ್ಣೇನ್ರೀ? ಕೆಂಪಾಗ್ಲಿ ಅಂತ ಬಿಟ್ಟೀನಿ!”)

ಹೊಡೆದೆ. ನಿದ್ದೆಹೋಗಲಿಲ್ಲ.

೩

ಸುಜಾತಾ ಬಂದಾಗ ಗಾಜು ಹೊರಗೆ ಆರುತ್ತಿತ್ತು.

“ಕಾಕಾ, ಏನ್ ಮಾಡಿದ್ರಿ! ಮೂರು ತಿಂಗಳ ಕೆಲಸರೀ!”

ಬೈಯುತ್ತಲೇ ಅದನ್ನು ಕಿಟಕಿಯ ಬಿಸಿಲಿಗೆ ಹಿಡಿದಳು. ಅವಳ ಅಂಗೈ, ಬಿಳಿ ಗೋಡೆ, ಮಾಪಣ್ಣನ ನರೆತ ಮೀಸೆ, ಎಲ್ಲ ಕೆಂಪು.

“ಬಣ್ಣ ಹಾಕಿಲ್ರೀ ಅಕ್ಕೋರ, ಆಣಿ ಮಾಡ್ತೇನಿ.”

“ಗೊತ್ತದ. ಬಿಸಿಗಿ ಒಳಗಿನ ಕಾಳು ಬೆಳದಾವ. ಸಣ್ಣವಿದ್ರ ಹಳದಿ, ದೊಡ್ಡವಾದ್ರ ಕೆಂಪು. ಸಾಮಾನು ಅದೇ ಕಾಕಾ, ಬರೇ ಅಳತಿ ಬದಲಾಗ್ಯದ.”

ಮಾಪಣ್ಣ ಗಾಜಿನ ಹತ್ತಿರ ಬಗ್ಗಿ ನೋಡಿದ. ಸಾವಿರಾರು ಗೊನೆ ಕೆಂಪಾಗಿದ್ದನ್ನು ಕಂಡವನು, ಗಾಜು ಹಣ್ಣಾಗಿದ್ದನ್ನು ಕಂಡಿರಲಿಲ್ಲ.

“ನಾ ಮಾಡಿದಾಗೆಲ್ಲ ಹಳದಿ ದಾಟಿದ್ರ ಪೊರಿ ಬಿರುಕು ಬಿಡ್ತಿತ್ತು,” ಎಂದಳು ಸುಜಾತಾ. “ಎಷ್ಟು ನಿಮಿಷ ಇಟ್ಟಿದ್ರಿ? ಇನ್ನೊಂದು ಗಾಜು ಉಳದದ. ಅದೂ ಹಿಂಗ ಬರಲಿಲ್ಲಂದ್ರ ನನ್ನ ಪಿಎಚ್‌ಡಿ ಗೈಡ್ ನಂಬಂಗಿಲ್ಲ.”

ಹಣ್ಣಿಗೆ ಯಾರಾದರೂ ಗಡಿಯಾರ ನೋಡುತ್ತಾರೆಯೇ? ಮಾಪಣ್ಣ ನೋಡಿರಲಿಲ್ಲ.

೪

ಮುಕ್ತಾಯ ಒಂದು: “ನಲವತ್ತು,” ಎಂದ. ಎರಡನೇ ಗಾಜು ಬಿರಿಯಿತು.

(“ಹೆಣ್ಮಗಳಿಗಿ ಸುಳ್ಳ ಹೇಳ್ತೀನೇನ್ರೀ ನಾ? ಕಾಟು ಹೊಡೀರಿ!”)

ಮುಕ್ತಾಯ ಎರಡು: ಗೈಡ್ ಬಂದರು, ಒಂದೇ ಗಾಜು ನೋಡಿ ಚಪ್ಪಾಳೆ ತಟ್ಟಿದರು. (ಗೈಡುಗಳನ್ನು ಬಲ್ಲವರು ನಗುತ್ತಿದ್ದೀರಿ. ಇದಕ್ಕೂ ಕಾಟು.)

ಮುಕ್ತಾಯ ಮೂರು: “ಗಡಿಯಾರ ನೋಡಿಲ್ರೀ ಅಕ್ಕೋರ,” ಎಂದ, ತಲೆ ತಗ್ಗಿಸಿ. ಉಳಿದೊಂದು ಗಾಜು ಮೇಜಿನ ಮೇಲಿದೆ. ಭಟ್ಟಿ ಕಾಯುತ್ತಿದೆ. ನನ್ನ ಹತ್ತಿರವೂ ಗಡಿಯಾರವಿಲ್ಲ.

ನಿಮ್ಮ ಹತ್ತಿರ ಫೋನಿದೆಯಲ್ಲ? ಗಾಜು ಒಳಗೆ ಹೋದ ಸಾಲಿನಲ್ಲಿ ಇದ್ದವರು ನೀವು, ಕೆಂಪಾದ ಸಾಲಿನಲ್ಲೂ ನೀವೇ. ನಡುವೆ ಚಹಾಕ್ಕೆ ಎದ್ದಿದ್ದರೆ ಅದನ್ನೂ ಸೇರಿಸಿ. ಎಷ್ಟು ನಿಮಿಷ, ಬೇಗ ಹೇಳಿ. ಸುಜಾತಾ ಪೆನ್ನು ಹಿಡಿದು ನಿಂತಿದ್ದಾಳೆ.